ಮರದ ಮೇಲಿನ ಅಂಕೆ

ಮುಂಜಾನೆ ಹಾಲು ತರಲು ಹೊರಟ ಗೃಹಸ್ಥರ ಕಣ್ಣಿಗೆ ಅದು ಮೊದಲು ಬೀಳುತ್ತದೆ. ಮನೆಯ ಎದುರಿನ ಹೊಂಗೆಯ ಮರದ ಬೊಡ್ಡೆಯ ಮೇಲೆ, ಎದೆಯ ಮಟ್ಟದಲ್ಲಿ, ಯಾರೋ ಬಿಳಿಯ ಬಣ್ಣದಿಂದ ಒಂದು ಅಂಕೆಯನ್ನು ಬರೆದಿದ್ದಾರೆ. ಪಕ್ಕದ ಮರದ ಮೇಲೂ ಒಂದು, ಅದರಾಚೆಯ ಮಳೆಮರದ ಮೇಲೂ ಒಂದು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದರೆ ಅಂಕೆಗಳು ಅರವತ್ತನ್ನು ದಾಟುತ್ತವೆ. “ಮರಗಳ ಗಣತಿ ಇರಬೇಕು” ಎನ್ನುತ್ತಾರೆ ಎದುರುಮನೆಯವರು. “ಗೆದ್ದಲಿಗೆ ಔಷಧ ಹೊಡೆಯುತ್ತಾರಂತೆ” ಎನ್ನುತ್ತಾರೆ ಮೂಲೆಯಂಗಡಿಯವರು. ಆ ಮರದ ಬುಡದಲ್ಲಿ ಹತ್ತು ವರ್ಷದಿಂದ ಹೂವಿನ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸು ಮಾತ್ರ, “ಕಡಿಯೋದಕ್ಕೇ ಬರೆದಿದಾರೆ ಸ್ವಾಮಿ” ಎಂದು ಹೇಳಿ, ಮಾಲೆಯ ಗಂಟನ್ನು ಬಿಗಿಮಾಡುತ್ತಾಳೆ. ಅವಳ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಹದಿನೈದು ದಿನ ಕಳೆದು, ಒಂದು ಶನಿವಾರ ರಾತ್ರಿ, ಬೀದಿಯ ಕೊನೆಯಿಂದ ಗರಗಸದ ಯಂತ್ರದ ಸದ್ದು ಕೇಳಿಬರುತ್ತದೆ.

ಮರುದಿನ ಭಾನುವಾರ ಬೀದಿಯಲ್ಲಿ ದೊಡ್ಡ ಸಭೆ. ಕೋಪವೇನೋ ಧಾರಾಳವಾಗಿತ್ತು. ಆದರೆ ಗುತ್ತಿಗೆದಾರನ ಮೇಸ್ತ್ರಿ ಒಂದು ಕಾಗದವನ್ನು ತೋರಿಸಿದ. ಎಲ್ಲವೂ ಕ್ರಮವಾಗಿಯೇ ಇತ್ತು. ಪ್ರಕಟಣೆ ಹೊರಟಿತ್ತು, ಆಕ್ಷೇಪಣೆಗಳಿದ್ದರೆ ಸಲ್ಲಿಸಬೇಕೆಂದು ಕೇಳಿತ್ತು, ಗೊತ್ತುಮಾಡಿದ ದಿನದೊಳಗೆ ಆ ಬೀದಿಯಿಂದ ಒಂದು ಆಕ್ಷೇಪಣೆಯೂ ಬಂದಿರಲಿಲ್ಲ. ಪತ್ರಿಕೆಯ ಒಳಪುಟದಲ್ಲಿ, ಕಳೆದುಹೋದ ಅಂಕಪಟ್ಟಿಗಳ ಮತ್ತು ಹೆಸರು ಬದಲಾವಣೆಗಳ ನಡುವೆ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಅಚ್ಚಾದ ಆ ನಾಲ್ಕು ಸಾಲುಗಳನ್ನು ಓದಿದವರು ಬೀದಿಯಲ್ಲಿ ಯಾರೂ ಇರಲಿಲ್ಲ.

ಇಂಥ ಬೀದಿಗಳು ಬೆಂಗಳೂರಿನಲ್ಲಿ ಒಂದೆರಡಲ್ಲ. ಅಲ್ಲಿನ ಜನ ಅವಿದ್ಯಾವಂತರಲ್ಲ. ನಿವೃತ್ತ ಇಂಜಿನಿಯರುಗಳಿದ್ದಾರೆ, ಬ್ಯಾಂಕಿನ ಅಧಿಕಾರಿಗಳಿದ್ದಾರೆ, ಅಮೆರಿಕದಲ್ಲಿರುವ ಮಗನೊಂದಿಗೆ ದಿನವೂ ಮಾತನಾಡುವ ತಾಯಂದಿರಿದ್ದಾರೆ. ಸಾವಿರಾರು ಮೈಲಿ ದೂರದ ಚುನಾವಣೆಯ ಫಲಿತಾಂಶ ಅವರಿಗೆ ಗೊತ್ತು. ಮನೆಯ ಮುಂದಿನ ಚರಂಡಿಯ ಭವಿಷ್ಯ ಮಾತ್ರ ಗೊತ್ತಿಲ್ಲ. ಬೀದಿಗೊಂದು ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘವೂ ಇದೆಯೆಂಬುದನ್ನು ಇಲ್ಲಿ ಮರೆಯುವಂತಿಲ್ಲ. ಅದು 1960ರ ಸಂಘಗಳ ನೋಂದಣಿ ಅಧಿನಿಯಮದಂತೆ ನೋಂದಾಯಿತವಾಗಿದೆ. ಅದಕ್ಕೆ ಮೊಹರಿದೆ, ರಸೀದಿ ಪುಸ್ತಕವಿದೆ, ಅಧ್ಯಕ್ಷರಿದ್ದಾರೆ, ಇಬ್ಬರು ಉಪಾಧ್ಯಕ್ಷರೂ ಇದ್ದಾರೆ. ರಾಜ್ಯೋತ್ಸವದ ದಿನ ಧ್ವಜ ಏರುತ್ತದೆ, ಗಣೇಶನ ಹಬ್ಬಕ್ಕೆ ಚಪ್ಪರ ಏಳುತ್ತದೆ, ಪೌರಕಾರ್ಮಿಕರಿಗೆ ವರ್ಷಕ್ಕೊಮ್ಮೆ ಶಾಲು ಹೊದಿಸಲಾಗುತ್ತದೆ. ವಾರ್ಷಿಕ ಸಭೆಯಲ್ಲಿ ಬಾಡಿಗೆಯ ಕುರ್ಚಿಗಳ ಲೆಕ್ಕ ಒಂದು ಗಂಟೆ ನಡೆಯುತ್ತದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಸಂಘವೊಂದು ಇರುವುದಕ್ಕೆ ಮೊದಲ ಕಾರಣವಾದ ಕೆಲಸ, ಎಂದರೆ ಬೀದಿಗೆ ಏನು ಬರಲಿದೆಯೆಂಬುದನ್ನು ಬರುವ ಮೊದಲೇ ಬೀದಿಯವರಿಗೆ ತಿಳಿಸುವ ಕೆಲಸ, ಕಾರ್ಯಸೂಚಿಯಲ್ಲಿ “ಇತರ ವಿಷಯಗಳು” ಎಂಬುದರ ಕೆಳಗೆ ಎಲ್ಲೋ ಅಡಗಿರುತ್ತದೆ. ಅಷ್ಟು ಹೊತ್ತಿಗೆ ಉಪ್ಪಿಟ್ಟು ಕಾಫಿ ಬಂದಿರುತ್ತದೆ.

ಹಿಂದಿನವರಿಗೆ ಈ ತೊಡಕು ಇಷ್ಟಿರಲಿಲ್ಲ. 1898ರಲ್ಲಿ ಪ್ಲೇಗು ಬಂದು ಹಳೆಯ ಪೇಟೆಯ ಓಣಿಗಳಿಂದ ಜನರು ಓಡಿದಾಗ, ಮಲ್ಲೇಶ್ವರ ಬಸವನಗುಡಿಗಳ ಅಗಲವಾದ ರಸ್ತೆಗಳು ಅವರಿಗೆ ಆಶ್ರಯವಾದುವು. ಅಂದಿನ ಊರು ಚಿಕ್ಕದು. ಯಾವ ರಸ್ತೆ ಎಲ್ಲಿ ಹೋಗುತ್ತದೆಂದು ಕೇಳಲು ಒಂದೆರಡು ಬಾಗಿಲುಗಳಿದ್ದುವು. 1945ರಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಬಂತು. 1964ರಲ್ಲಿ ನೀರು ಮತ್ತು ಒಳಚರಂಡಿಗೆ ಪ್ರತ್ಯೇಕ ಮಂಡಲಿಯಾಯಿತು. 1976ರಲ್ಲಿ ಟ್ರಸ್ಟ್ ಬೋರ್ಡಿನ ಸ್ಥಾನದಲ್ಲಿ ಅಭಿವೃದ್ಧಿ ಪ್ರಾಧಿಕಾರ ಕುಳಿತಿತು. 2002ರಲ್ಲಿ ವಿದ್ಯುತ್ತಿಗೆ ಬೆಸ್ಕಾಂ ಹುಟ್ಟಿತು. ಅನಂತರ ಮೆಟ್ರೋ ನಿಗಮ. 2007ರಲ್ಲಿ ಸುತ್ತಣ ನಗರಸಭೆಗಳನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. 2025ರಲ್ಲಿ ಅದೂ ಒಡೆದು, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದುವು. ಒಂದೇ ರಸ್ತೆಯ ಮೇಲ್ಮೈ ಒಬ್ಬರದು, ಅದರ ಕೆಳಗಿನ ನೀರಿನ ಕೊಳವೆ ಮತ್ತೊಬ್ಬರದು, ಪಕ್ಕದ ಕಂಬ ಮೂರನೆಯವರದು. ಡಾಂಬರು ಹಾಕಿದ ಎಂಟನೆಯ ದಿನ ಅದನ್ನು ಅಗೆಯುವವನು ತುಂಟನಲ್ಲ. ಅವನ ಇಲಾಖೆಯ ಕಡತ ಅಂದು ಮೇಜಿನಿಂದ ಇಳಿಯಿತು, ಅಷ್ಟೆ. “ಯಾರು ಸ್ವಾಮಿ ಅಗೆಯುತ್ತಿರುವುದು?” ಎಂದು ಕೇಳಿದರೆ, ಗುಂಡಿಯೊಳಗಿನಿಂದ ಬರುವ ಉತ್ತರ “ನಮಗೆ ಗೊತ್ತಿಲ್ಲ ಸಾರ್, ಕಂಟ್ರಾಕ್ಟರು ಹೇಳಿದರು” ಎಂಬುದೇ.

ಇದರ ಜೊತೆಗೆ ಮತ್ತೊಂದು ಕೊರತೆ. ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಕಾರ್ಪೊರೇಟರರ ಮೇಲೆ ಜನರಿಗೆ ಎಷ್ಟು ದೂರುಗಳಿದ್ದರೂ, ಅವರ ಮನೆಯ ಜಗಲಿ ಒಂದು ವಾರ್ತಾಕೇಂದ್ರವಾಗಿತ್ತು. ಯಾವ ಕಾಮಗಾರಿ ಮಂಜೂರಾಗಿದೆ, ಯಾವುದು ನಿಂತಿದೆ ಎಂಬುದು ಅಲ್ಲಿ ಕುಳಿತವರ ಬಾಯಿಂದ ಬೀದಿಗೆ ಹರಿಯುತ್ತಿತ್ತು. ಆ ಜಗಲಿ ಬರಿದಾದ ವರ್ಷಗಳಲ್ಲಿ ಸುದ್ದಿಯ ಭಾರವೆಲ್ಲ ಸಂಘಗಳ ಮೇಲೆ ಬಿತ್ತು. ಹೊತ್ತ ಸಂಘಗಳೂ ಇವೆ. ಭಾರ ಬಿದ್ದದ್ದೇ ತಿಳಿಯದ ಸಂಘಗಳೂ ಇವೆ.

ತಡವಾಗಿ ತಿಳಿದರೆ ಆಗುವುದೇನೆಂಬುದಕ್ಕೆ ಜಯನಗರದ ನಂದಾ ರಸ್ತೆಯನ್ನು ನೋಡಬಹುದು. ರಸ್ತೆಯ ನಡುವೆ ಉದ್ದಕ್ಕೂ ಹಬ್ಬಿದ ಮರಗಳ ಸಾಲು, ಅದರ ನೆರಳಿನಲ್ಲಿ ಲಕ್ಷ್ಮಣರಾವ್ ಉದ್ಯಾನ. ಬೆಳಗ್ಗೆ ನಡೆಯುವ ವೃದ್ಧರು, ಸಂಜೆ ಮಕ್ಕಳನ್ನು ಕರೆತರುವ ಅಜ್ಜಿಯರು. 2009ರ ಏಪ್ರಿಲಿನಲ್ಲಿ ಮೆಟ್ರೋ ಮಾರ್ಗಕ್ಕಾಗಿ ಅಲ್ಲಿ ಮರಗಳು ಉರುಳತೊಡಗಿದಾಗ ಜನರು ಬೀದಿಗಿಳಿದರು. ‘ಹಸಿರು ಉಸಿರು’ ಬಳಗದವರು ಬಂದರು, ವಿದ್ಯಾರ್ಥಿಗಳು ಬಂದರು, ಮನೆಯೊಳಗಿಂದ ಎಂದೂ ಹೊರಬಾರದ ಹಿರಿಯರೂ ಮರದ ಬುಡದಲ್ಲಿ ನಿಂತರು. ಆದರೆ ಮೆಟ್ರೋಗೆ ಅಡಿಗಲ್ಲು ಬಿದ್ದದ್ದು 2006ರ ಜೂನ್ ತಿಂಗಳಲ್ಲಿ! ಮೂರು ವರ್ಷ ಹಳೆಯದಾದ ಯೋಜನೆಯ ರೇಖೆ ತಮ್ಮ ಉದ್ಯಾನದ ನಡುನೆತ್ತಿಯ ಮೇಲೆ ಹಾದುಹೋಗುತ್ತದೆಂಬುದು ಅನೇಕರಿಗೆ ಮನದಟ್ಟಾದದ್ದು ಕೊಡಲಿ ಬಿದ್ದ ಮೇಲೆಯೇ. ಕೊನೆಗೆ ಮಾರ್ಗ ಅಲ್ಲೇ ಆಯಿತು. 2017ರ ಜೂನಿನಿಂದ ಹಸಿರು ಮಾರ್ಗದ ಗಾಡಿಗಳು ಆ ರಸ್ತೆಯ ಮೇಲೆಯೇ ಓಡುತ್ತಿವೆ. ಅಂದು ಮರದ ಬುಡದಲ್ಲಿ ನಿಂತವರಲ್ಲಿ ಕೆಲವರಾದರೂ ಇಂದು ಸೌತ್ ಎಂಡ್ ವೃತ್ತದ ನಿಲ್ದಾಣದಲ್ಲಿ ಗಾಡಿ ಹತ್ತುತ್ತಿರಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಮೆಟ್ರೋ ಊರಿಗೆ ಬೇಕಾಗಿತ್ತು. ಮಾರ್ಗ ಸ್ವಲ್ಪ ಪಕ್ಕಕ್ಕೆ ಸರಿಯಬಹುದಾಗಿತ್ತೆ, ನೆಲದ ಕೆಳಗೆ ಹೋಗಬಹುದಾಗಿತ್ತೆ, ಎಷ್ಟು ಮರ ಉಳಿಯಬಹುದಾಗಿತ್ತು ಎಂದು ಕೇಳಲು ಒಂದು ಕಾಲವಿತ್ತು. ಆ ಕಾಲ ಯಾರಿಗೂ ಕಾಣದೆ ಕಳೆದುಹೋಯಿತು.

ಮರ ಹೋದರೆ ನೆರಳು ಹೋಗುತ್ತದೆ, ಮನೆಯೇ ಹೋದರೆ? 2016ರ ಜುಲೈ ಕೊನೆಯಲ್ಲಿ ಸುರಿದ ಮಳೆಗೆ ಕೋಡಿಚಿಕ್ಕನಹಳ್ಳಿಯ ಕಡೆಯ ಬಡಾವಣೆಗಳಲ್ಲಿ ದೋಣಿ ಬಿಡಬೇಕಾಯಿತು. ರಾಜಕಾಲುವೆಗಳ ಮೇಲೆ ಮನೆಗಳೆದ್ದಿರುವುದೇ ಇದಕ್ಕೆ ಕಾರಣವೆಂದು ಆಗಸ್ಟ್ ತಿಂಗಳಲ್ಲಿ ಪಾಲಿಕೆ ತೆರವಿಗೆ ಹೊರಟಿತು. ಬನ್ನೇರುಘಟ್ಟ ರಸ್ತೆಯ ಬಳಿಯ ಅವನಿ ಶೃಂಗೇರಿ ನಗರದಲ್ಲಿ ಯಂತ್ರಗಳು ಗೋಡೆಗಳನ್ನು ಕೆಡವಿದುವು. ಅಲ್ಲಿದ್ದವರು ಗುಡಿಸಲು ಹಾಕಿ ಕುಳಿತವರಲ್ಲ. ಕ್ರಯಪತ್ರವಿತ್ತು, ಖಾತೆಯಿತ್ತು, ಬ್ಯಾಂಕಿನ ಸಾಲವಿತ್ತು, ವರ್ಷವರ್ಷವೂ ಕಂದಾಯ ಕಟ್ಟಿದ ರಸೀದಿಯಿತ್ತು. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಕಟ್ಟಿದ ಮನೆಯ ಬಾಗಿಲಲ್ಲಿ ನಿಂತು, ಈ ಕಾಗದಗಳ ಕಟ್ಟನ್ನು ಎದೆಗೊತ್ತಿಕೊಂಡು, “ಇದರಲ್ಲಿ ಎಲ್ಲಿದೆ ಕಾಲುವೆ, ತೋರಿಸಿ” ಎಂದು ಕೇಳಿದವರಿಗೆ ದೊರೆತ ಉತ್ತರ ಒಂದೇ: ಹಳೆಯ ಗ್ರಾಮನಕ್ಷೆಯಲ್ಲಿದೆ.

ಗ್ರಾಮನಕ್ಷೆ ಗುಪ್ತಪತ್ರವಲ್ಲ. ಭೂಮಾಪನ ಇಲಾಖೆಯಲ್ಲಿ ಶುಲ್ಕ ಕೊಟ್ಟು ಅದರ ಪ್ರತಿಯನ್ನು ಪಡೆಯಬಹುದು. ಆದರೆ ಮನೆ ಕೊಳ್ಳುವವನು ಅಡಿಗೆಮನೆಯ ಕಪಾಟು ನೋಡುತ್ತಾನೆ, ಈಶಾನ್ಯ ಮೂಲೆ ನೋಡುತ್ತಾನೆ, ನಲ್ಲಿ ತಿರುಗಿಸಿ ನೀರು ನೋಡುತ್ತಾನೆ. ನೂರು ವರ್ಷದ ಹಿಂದೆ ಆ ಹಳ್ಳಿಯ ಕೆರೆಯ ಕೋಡಿ ಯಾವ ದಿಕ್ಕಿಗೆ ಹರಿಯುತ್ತಿತ್ತೆಂದು ಯಾರು ನೋಡುತ್ತಾರೆ? ಒಬ್ಬೊಬ್ಬ ಗೃಹಸ್ಥನೂ ನೋಡಲಾರ. ನೋಡಿದರೂ ಅವನಿಗೆ ಅರ್ಥವಾಗದು. ಇಡೀ ಬಡಾವಣೆಗೆ ಸೇರಿದ ಸಂಘ ಒಂದು ಪ್ರತಿಯನ್ನು ತರಿಸಿ, ನಿವೃತ್ತ ಸರ್ವೇಯರ್ ಒಬ್ಬರನ್ನು ಕೂರಿಸಿ, ಕೆರೆ ಕಾಲುವೆ ಓಣಿಗಳಿಗೆ ನೀಲಿ ಬಣ್ಣ ಹಚ್ಚಿಸಿ, ಸಂಘದ ಕೋಣೆಯ ಗೋಡೆಗೆ ತೂಗುಹಾಕಬಹುದು. ಸಂಗತಿ ಅಪ್ರಿಯವಾದೀತು ನಿಜ. ತನ್ನ ನಿವೇಶನದ ಮೇಲೆ ನೀಲಿಗೆರೆ ಬಿದ್ದವನು ಕಾರ್ಯದರ್ಶಿಯ ಮುಖ ನೋಡದೆ ಹೋದಾನು. ಬಡಾವಣೆಯ ಬೆಲೆ ಇಳಿಯುತ್ತದೆ, ಆ ನಕ್ಷೆ ತೆಗೆದುಹಾಕಿ ಎಂದು ಒತ್ತಾಯವೂ ಬಂದೀತು. ನಕ್ಷೆಯನ್ನು ಮಡಿಸಿ ಬೀರುವಿನಲ್ಲಿಟ್ಟ ಸಂಘದವರು ಮಳೆಗಾಲದ ರಾತ್ರಿ ನಿದ್ರೆ ಮಾಡುವುದು ಹೇಗೆಂಬುದೇ ಆಶ್ಚರ್ಯ.

ತಿಳಿದುಕೊಳ್ಳುವ ಹಾದಿಗಳೇ ಇಲ್ಲವೆಂದು ಹೇಳುವಂತಿಲ್ಲ. ಕಾನೂನು ಈ ವಿಷಯದಲ್ಲಿ ಜಿಪುಣತನ ತೋರಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆಗಳನ್ನು ಕರೆಯಬೇಕು. ದೊಡ್ಡ ಯೋಜನೆಯ ಮರಗಳನ್ನು ಐವತ್ತಕ್ಕೆ ಕಡಿಮೆಯಾದ ಕಂತುಗಳಾಗಿ ಹಂಚಿ, ಪ್ರಕಟಣೆಯ ಗೊಡವೆಯೇ ಬೇಡವಾಗುವಂತೆ ಮಾಡುತ್ತಾರೆಂಬ ದೂರು ನಗರದಲ್ಲಿ ಹೊಸದಲ್ಲ. ಕಾನೂನಿನ ಕಣ್ಣು ಐವತ್ತರ ಮೇಲಿದ್ದರೆ ಕಡತದ ಪ್ರೀತಿ ನಲವತ್ತೊಂಬತ್ತರ ಮೇಲೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಂತೆ ಊರಿನ ಮಹಾಯೋಜನೆಯ ಕರಡನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕು. ಈ ಮಹಾಯೋಜನೆಯ ನಕ್ಷೆಯಲ್ಲಿ ಹಳದಿ ಎಂದರೆ ವಾಸದ ಮನೆ, ನೀಲಿ ಎಂದರೆ ವ್ಯಾಪಾರ, ಹಸಿರು ಎಂದರೆ ಉದ್ಯಾನ. ತಮ್ಮ ಹಳದಿಯ ಬೀದಿಯ ಪಕ್ಕದಲ್ಲಿ ನೀಲಿ ಹರಿದಿರುವುದನ್ನು ಕರಡಿನಲ್ಲಿಯೇ ಕಂಡವರು ಕೇಳಬಹುದು. ಮೂರನೆಯ ಮಹಡಿಯಲ್ಲಿ ಬಾರ್ ತೆರೆದ ರಾತ್ರಿ ಕಂಡವರು ಕಿಟಕಿ ಮುಚ್ಚಿಕೊಳ್ಳಬಹುದು. 2005ರ ಮಾಹಿತಿ ಹಕ್ಕು ಅಧಿನಿಯಮವಂತೂ ಇನ್ನೂ ಮುಂದೆ ಹೋಗಿದೆ. ಜನರ ಮೇಲೆ ಪರಿಣಾಮ ಮಾಡುವ ನಿರ್ಣಯಗಳ ವಿಷಯದಲ್ಲಿ ಸಂಬಂಧಪಟ್ಟ ಸಂಗತಿಗಳನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕೆಂದು ಅದರ ನಾಲ್ಕನೆಯ ಪ್ರಕರಣ ಹೇಳುತ್ತದೆ. ಪ್ರಕಟಿಸದಿದ್ದರೆ 10 ರೂಪಾಯಿ ಕಟ್ಟಿ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಈ ಮಿತಿಯನ್ನು ಬೈಯುವವರು ಅನೇಕರು. ಬೈಯುವುದಕ್ಕೆ ಕಾರಣವೂ ಇದೆ. ಆದರೂ ಸಂಘದ ಅಧ್ಯಕ್ಷರ ಭಾಷಣಗಳನ್ನು ಕೇಳಿದವರಿಗೆ, 150 ಪದಗಳಲ್ಲಿ ಒಂದು ವಿಷಯ ಹೇಳುವ ಅಭ್ಯಾಸ ಬೇರೆ ಕಡೆಗಳಲ್ಲಿಯೂ ಬಂದಿದ್ದರೆ ಚೆನ್ನಾಗಿತ್ತೆಂದು ಅನ್ನಿಸದೆ ಇರದು.

ಇನ್ನೊಂದು ಹಾದಿ ವಾರ್ಡ್ ಸಮಿತಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ, ಮೂರು ಲಕ್ಷ ಜನಸಂಖ್ಯೆಯ ಊರುಗಳಲ್ಲಿ ಇಂಥ ಸಮಿತಿಗಳಿರಬೇಕೆಂದಿತು. ಕರ್ನಾಟಕದ ನಗರಪಾಲಿಕೆಗಳ ಅಧಿನಿಯಮ ಅದಕ್ಕೆ ಹತ್ತು ಜನ ಸದಸ್ಯರನ್ನು ಗೊತ್ತುಮಾಡಿತು: ಮೂವರಿಗೆ ಕಡಿಮೆಯಿಲ್ಲದಂತೆ ಹೆಂಗಸರು, ಪರಿಶಿಷ್ಟ ವರ್ಗಗಳಿಂದ ಇಬ್ಬರು, ನಿವಾಸಿಗಳ ಸಂಘಗಳಿಂದ ಇಬ್ಬರು. ಬೆಂಗಳೂರಿನಲ್ಲಿ ಈ ಸಮಿತಿಗಳು ಕಾಗದದಿಂದ ಕೋಣೆಗೆ ಬರಲು ವರ್ಷಗಳೇ ಹಿಡಿದುವು. ಕಸದ ವಿಷಯದಲ್ಲಿ ನಡೆದ ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯ ಮತ್ತೆ ಮತ್ತೆ ಕೇಳಬೇಕಾಯಿತು. ಬಂದ ಮೇಲೆಯೂ, ಸಮಿತಿಯಲ್ಲಿ ಕುಳಿತುಬಂದ ಸಂಘದ ಪ್ರತಿನಿಧಿ ಬೀದಿಗೆ ಬಂದು ಏನು ಹೇಳಿದನೆಂಬುದರ ಮೇಲೆ ಅದರ ಪ್ರಯೋಜನ ನಿಂತಿತ್ತು. ಕೆಲವರು ನಡಾವಳಿಯನ್ನು ಪ್ರತಿಮಾಡಿಸಿ ಹಂಚಿದರು. ಕೆಲವರು ಅಲ್ಲಿ ತಮಗೆ ಸಿಕ್ಕ ಗೌರವವನ್ನು ಮಾತ್ರ ಮನೆಗೆ ತಂದರು.

ಊರಿಗೆ ಸಕಾಲದಲ್ಲಿ ತಿಳಿದರೆ ಏನಾಗಬಹುದೆಂಬುದಕ್ಕೂ ದೃಷ್ಟಾಂತವಿದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತು. ವೆಚ್ಚ 1,791 ಕೋಟಿ ರೂಪಾಯಿ. ಉರುಳಬೇಕಾದ ಮರಗಳು 812. ಈ ಎರಡು ಅಂಕೆಗಳು ಬಡಾವಣೆಯಿಂದ ಬಡಾವಣೆಗೆ, ಬಾಯಿಂದ ಬಾಯಿಗೆ ಹೋದುವು. ಮೊದಲಿಗೆ ಜನ ಕೇಳಿದ್ದು ಸೇತುವೆ ಬೇಕೆ ಬೇಡವೆ ಎಂಬುದನ್ನಲ್ಲ. ಇದನ್ನು ಯಾರಿಗೆ ಹೇಳಿ ಗೊತ್ತುಮಾಡಿದಿರಿ ಎಂಬುದನ್ನು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ರಸ್ತೆಯ ಪಕ್ಕದಲ್ಲಿ ಕೈಕೈ ಹಿಡಿದು ಸಾಲಾಗಿ ನಿಂತರು. ಆ ಸಾಲಿನಲ್ಲಿ ರಾಜಕೀಯದ ಪರಿಚಯವೇ ಇಲ್ಲದ ಅಜ್ಜಂದಿರಿದ್ದರು, ಕೈಬರಹದ ಹಲಗೆ ಹಿಡಿದ ಶಾಲೆಯ ಮಕ್ಕಳಿದ್ದರು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಲಿ ತಡೆ ಕೊಟ್ಟಿತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಸೇತುವೆ ಬೇಕಾಗಿತ್ತೆನ್ನುವವರು ಇಂದಿಗೂ ಇದ್ದಾರೆ. ಹೆಬ್ಬಾಳದ ವಾಹನಗಳ ಸಾಲಿನಲ್ಲಿ ಅರ್ಧ ಗಂಟೆ ನಿಂತವರು ಹಾಗೆನ್ನುವುದು ಸಹಜ. ಅವರ ವಾದಕ್ಕೂ ಒಂದು ಸಭೆ ದೊರೆಯಬೇಕಾಗಿತ್ತು. ಮೊದಲೇ ಎಲ್ಲವನ್ನೂ ಎದುರಿಗಿಟ್ಟಿದ್ದರೆ ದೊರೆಯುತ್ತಿತ್ತು ಕೂಡ.

ಇಲ್ಲಿ ಸಂಘಗಳವರು ಹಲವು ಬಾರಿ ಮಾಡುವ ಒಂದು ತಪ್ಪನ್ನು ಹೇಳಬೇಕು. ತಿಳಿಸುವುದೂ ವಿರೋಧಿಸುವುದೂ ಒಂದೇ ಎಂದು ಅವರು ಭಾವಿಸುತ್ತಾರೆ. ಸುತ್ತೋಲೆ ಹೊರಟಿತೆಂದರೆ ಅದರ ತಲೆಯ ಮೇಲೆಯೇ “ಬೃಹತ್ ಅನ್ಯಾಯ” ಎಂದಿರುತ್ತದೆ; ಅನ್ಯಾಯ ಯಾವುದೆಂಬುದು ಮೂರನೆಯ ಪುಟದವರೆಗೂ ತಿಳಿಯದು. ವಾಟ್ಸಾಪ್ ಗುಂಪಿನ ಕಥೆ ಬೇರೆ. ಸಂಜೆ ಏಳಕ್ಕೆ ಒಬ್ಬರು, ಉದ್ಯಾನವನ್ನು ಮಾರಿಬಿಟ್ಟರಂತೆ ಎಂದು ಬರೆಯುತ್ತಾರೆ. ಎಂಟಕ್ಕೆ ಕೊಂಡವರ ಹೆಸರೂ ಬಂದಿರುತ್ತದೆ. ಒಂಬತ್ತಕ್ಕೆ ಆ ಹೆಸರಿನವರ ಜಾತಿ. ಬೆಳಗ್ಗೆ ಹೋಗಿ ನೋಡಿದರೆ ಉದ್ಯಾನದ ಗೇಟಿಗೆ ಬಣ್ಣ ಹಚ್ಚುತ್ತಿರುತ್ತಾರೆ. ಹೀಗೆ ಎರಡು ಬಾರಿ ಆದ ಮೇಲೆ ಮೂರನೆಯ ಬಾರಿ ನಿಜವಾಗಿಯೂ ಕೇಡು ಬಂದಾಗ ಯಾರೂ ಬಾಗಿಲು ತೆರೆಯುವುದಿಲ್ಲ. ಸುದ್ದಿಯನ್ನು ಸುದ್ದಿಯಾಗಿ ಹೇಳುವ ಸಂಘ ಯೋಜನೆಯನ್ನು ಹೊಗಳಬೇಕಾಗಿಲ್ಲ, ತೆಗಳಬೇಕಾಗಿಲ್ಲ. ಏನು ಬರುತ್ತದೆ, ಯಾವ ಕಚೇರಿಯವರು ಮಾಡುತ್ತಾರೆ, ಖರ್ಚೆಷ್ಟು, ಎಂದು ಮೊದಲು, ಯಾರನ್ನು ಕೇಳಬೇಕು, ಆಕ್ಷೇಪಣೆಗೆ ಕೊನೆಯ ದಿನ ಯಾವುದು—ಇಷ್ಟಕ್ಕೆ ಅರ್ಧ ಹಾಳೆ ಸಾಕು. ಆಮೇಲೆ ಯಾರಿಗೆ ಏನು ತೋರುತ್ತದೋ ಸಭೆಯಲ್ಲಿ ಹೇಳಲಿ, ಕೂಗಾಡಲಿ, ಮತ ಹಾಕಲಿ.

ಇದಕ್ಕಿಂತಲೂ ಸೂಕ್ಷ್ಮವಾದದ್ದು, ಯಾರಿಗೆ ತಿಳಿಸಬೇಕು ಎಂಬ ಪ್ರಶ್ನೆ. ಸಂಘದ ಪಟ್ಟಿಯಲ್ಲಿರುವುದು ಮನೆಯ ಒಡೆಯರ ಹೆಸರು. ಅವರಲ್ಲಿ ಕೆಲವರು ಆ ಮನೆಯಲ್ಲಿ ವಾಸವಾಗಿಯೂ ಇಲ್ಲ. ಮಹಡಿಯ ಮೇಲೆ ಬಾಡಿಗೆಗಿರುವ ದಂಪತಿಗಳಿಗೆ, ಔಟ್‌ಹೌಸಿನಲ್ಲಿರುವ ವಿದ್ಯಾರ್ಥಿಗಳಿಗೆ ಸುತ್ತೋಲೆ ಹೋಗುವುದಿಲ್ಲ. ಚಂದಾದ ರಸೀದಿ ಮಾತ್ರ ಹೋಗುತ್ತದೆ. ಸುತ್ತೋಲೆ ಇಂಗ್ಲಿಷಿನಲ್ಲಿರುವುದರಿಂದ ಮನೆಯ ಅಜ್ಜಿ ಅದನ್ನು ಮಡಿಸಿ ಕಿಟಕಿಯ ಸಂದಿಗೆ ಇಡುತ್ತಾರೆ. ಕಾಲುದಾರಿ ಅಗಲವಾಗಬೇಕೆಂದು ಸಂಘ ಠರಾವು ಮಾಡುತ್ತದೆ. ಆ ಕಾಲುದಾರಿಯಲ್ಲಿ ಸೊಪ್ಪು ಮಾರುವವಳಿಗೆ ಅದು ತಿಳಿಯುವುದು ಲಾರಿ ಬಂದು ತಕ್ಕಡಿ ಎತ್ತಿಕೊಂಡು ಹೋದಾಗ. ಬೀದಿ ವ್ಯಾಪಾರಿಗಳ ವಿಷಯದಲ್ಲಿ 2014ರ ಕೇಂದ್ರ ಕಾನೂನು, ಪಟ್ಟಣ ಮಾರಾಟ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ಅವರ ಪ್ರತಿನಿಧಿಗಳೇ ಇರಬೇಕೆಂದು ಹೇಳಿದೆ. ಪ್ರತಿದಿನ ಅವಳಿಂದ ಕೊತ್ತಂಬರಿ ಕೊಳ್ಳುವ ಸಂಘದ ಖಜಾಂಚಿಗಳು ಈ ಮಾತನ್ನು ಅವಳಿಗೆ ಒಮ್ಮೆ ಹೇಳಿದ್ದರೆ ಸಂಘದ ಗಂಟೇನೂ ಹೋಗುತ್ತಿರಲಿಲ್ಲ. ತಮ್ಮ ಬಾಗಿಲಿಗೆ ಸರ್ಕಾರ ಹೇಳದೆ ಬಂತೆಂದು ಕೋಪಗೊಳ್ಳುವವರು, ಅವಳ ಬಾಗಿಲಿಲ್ಲದ ಜಾಗಕ್ಕೆ ತಾವು ಹೇಳದೆ ಹೋದದ್ದನ್ನು ಗಮನಿಸುವುದಿಲ್ಲ.

ಕಾರ್ಯದರ್ಶಿಗಳಲ್ಲಿಯೂ ಬಗೆಗಳುಂಟು. ಕಚೇರಿಯಿಂದ ಬಂದ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು, ತನಗೊಬ್ಬನಿಗೇ ಗೊತ್ತಿರುವ ಸುಖವನ್ನು ಒಂದು ತಿಂಗಳು ಅನುಭವಿಸುವವನೊಬ್ಬ. ರಸ್ತೆ ಅಗಲವಾದರೆ ತನ್ನ ಮೂಲೆಯ ನಿವೇಶನಕ್ಕೆ ಬೆಲೆ ಬರುತ್ತದೆಂದು ಪತ್ರವನ್ನೇ ಮರೆಯುವವನೊಬ್ಬ. ಇವರಿಬ್ಬರ ನಡುವೆ, ಯಾವ ಲಾಭವೂ ಇಲ್ಲದೆ, ಮೊಣಕಾಲಿನ ನೋವನ್ನೂ ಲೆಕ್ಕಿಸದೆ, ಕಚೇರಿಯ ಮೆಟ್ಟಿಲು ಹತ್ತಿ, “ಸಾಹೇಬರು ಸೈಟಿಗೆ ಹೋಗಿದ್ದಾರೆ, ನಾಳೆ ಬನ್ನಿ” ಎಂಬ ಮಾತನ್ನು ಮೂರು ದಿನ ಕೇಳಿ, ನಾಲ್ಕನೆಯ ದಿನ ಟೆಂಡರ್ ಪ್ರಕಟಣೆಯ ಪ್ರತಿಯನ್ನು ಹಿಡಿದು ಬರುವ ವೃದ್ಧರೂ ಇದ್ದಾರೆ. ಮನೆಯಲ್ಲಿ ಅವರಿಗೆ ಸಿಕ್ಕುವ ಸನ್ಮಾನ, “ಊರ ಉಸಾಬರಿ ನಿಮಗೇಕೆ?” ಎಂಬುದು.

ಅಂಥ ಒಬ್ಬರಿರುವ ಬೀದಿಯಲ್ಲಿ, ಉದ್ಯಾನದ ಗೋಡೆಯ ಮೇಲೆ ಒಂದು ಕರಿಹಲಗೆ ಇದೆ. ಮಳೆ ಬೀಳದಂತೆ ಮೇಲೆ ತಗಡಿನ ಮಾಡು. ಅಲ್ಲಿಯೂ ಮರಗಳ ಮೇಲೆ ಅಂಕೆಗಳು ಬಿದ್ದುವು. ಮರುದಿನವೇ ಹಲಗೆಯ ಮೇಲೆ, ದುಂಡನೆಯ ಕನ್ನಡದಲ್ಲಿ, ಆರು ಸಾಲುಗಳು ಬಂದುವು: ರಸ್ತೆ ಅಗಲಮಾಡುವ ಕಾಮಗಾರಿ, ಇಲಾಖೆಯ ಹೆಸರು, ಮರಗಳು ಅರವತ್ತೆರಡು, ಆಕ್ಷೇಪಣೆಗೆ ಕೊನೆಯ ದಿನ, ವೃಕ್ಷಾಧಿಕಾರಿಗಳ ವಿಳಾಸ, ಭಾನುವಾರ ಹತ್ತು ಗಂಟೆಗೆ ಸಭೆ. ಹದಿನೇಳನೆಯ ಮರದ ಕೆಳಗೆ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡಿರುವಾತ ಶಾಲೆಗೆ ಹೊರಟಿದ್ದ ಹುಡುಗನೊಬ್ಬನನ್ನು ನಿಲ್ಲಿಸಿ, ಅದನ್ನು ಎರಡು ಸಲ ಓದಿಸಿದ. ಕೊನೆಯ ದಿನವನ್ನು ಬೆರಳೆಣಿಸಿ ನೋಡಿದ. ಮಧ್ಯಾಹ್ನ ಬಟ್ಟೆಯ ಗಂಟು ಕೊಡಲು ಕಾರ್ಯದರ್ಶಿಗಳ ಮನೆಗೆ ಹೋದವನು ಬಾಗಿಲಲ್ಲೇ ನಿಂತ.

“ಮನೆ ಇರೋರು ಮಾತ್ರ ಬರೀಬೇಕಾ ಸಾಮಿ, ಇಲ್ಲ ನಾನೂ ಬರೀಬೋದಾ?”

ವೃದ್ಧರು ಕನ್ನಡಕ ಹಾಕಿಕೊಂಡು, ಮೇಜಿನ ಮೇಲಿಂದ ಒಂದು ಬಿಳಿಯ ಹಾಳೆಯನ್ನು ತೆಗೆದುಕೊಂಡರು. “ಬರೆಯಬಹುದಪ್ಪ, ಸಾರ್ವಜನಿಕರು ಎಂದಿದೆ. ಹೇಳು, ಎಷ್ಟು ವರ್ಷವಾಯಿತು ನೀನು ಅಲ್ಲಿ ಗಾಡಿ ನಿಲ್ಲಿಸಿ?”

“ನಮ್ಮಪ್ಪನ ಕಾಲದಿಂದ” ಎಂದ ಆತ. ವೃದ್ಧರು ಅದನ್ನು ಹಾಗೆಯೇ ಬರೆದುಕೊಂಡರು.